ಏಳು ವರ್ಷ ಸೀನಿಯರ್

ಡೆಟ್ರಾಯ್ಟ್ ಬಳಿಯ ಪ್ಲಿಮತ್‌ನ ಫ್ಯೂನರಲ್ ಹೋಮಿನಲ್ಲಿ ವಿಶ್ರುತ್ ಮೊದಲ ಸಾಲಿನ ಕುರ್ಚಿಗಳ ಮೇಲೆಲ್ಲ ಬಂದವರ ಕೋಟುಗಳನ್ನು ಎಸೆಯುತ್ತಿದ್ದ.

"ಏನೋ ಅದು? ಅಪ್ಪನ ಆಫೀಸಿನವರು ಬರ್ತಾರೆ, ಎಲ್ಲಿ ಕೂರ್ತಾರೆ?" ಎಂದರು ತಾಯಿ ಇಂದುಮತಿ.

"ನಿಂತ್ಕೊಳ್ಳಲಿ. ಡ್ಯಾಡ್ ನಿಂತಿರಲಿಲ್ವಾ, ಬಾಟ್ಲಿ ಹಿಡ್ಕೊಂಡು?"

"ಮೆಲ್ಲಗೆ ಮಾತಾಡು."

"ಐ ವೋಂಟ್. ಆ ಇಶಿದಾನ ಮುಖದ ಮೇಲೇ ಕೇಳ್ತೀನಿ. ಡ್ಯಾಡ್ ನಿಂಗೆ ಯಾರು, ವೇಟರಾ?"

ಇಂದುಮತಿ ಶ್ಯಾಮ್ ಕಡೆ ನೋಡಿದರು. ಮೊನ್ನೆ ಹೃದಯಾಘಾತದಲ್ಲಿ ಹೋದ ಅವರ ಗಂಡ ಚಂದ್ರಮೌಳಿಯ ಜೊತೆ ಕಾರಿನ ಬಿಡಿಭಾಗಗಳ ಜಪಾನಿ ಕಂಪನಿಯೊಂದರಲ್ಲಿ ದುಡಿದವರು ಶ್ಯಾಮ್. "ಇವನನ್ನ ಸ್ವಲ್ಪ ನೋಡ್ಕೊಳ್ಳಿ."

*

ಒಂದು ವರ್ಷದ ಹಿಂದೆ, 2008ರ ಡಿಸೆಂಬರ್. ಡೆಟ್ರಾಯ್ಟ್ ಸುತ್ತಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅರ್ಧ ಜನರನ್ನು ಮನೆಗೆ ಕಳಿಸಿದ ಕಂಪನಿ, ಚಂದ್ರಮೌಳಿಯವರೇ ಕೆಲಸ ಕಲಿಸಿದ್ದ ಇಶಿದಾನನ್ನು ಅವರ ಮೇಲೆ ಮ್ಯಾನೇಜರ್ ಮಾಡಿತ್ತು. ವರ್ಷದ ಕೊನೆಯ ಊಟದಿಂದ ಅಪ್ಪನನ್ನು ಕರೆತರಲು ಹೋದ ವಿಶ್ರುತ್ ಬಾಗಿಲಲ್ಲೇ ನಿಂತ. ಬಿಯರ್ ಮುಟ್ಟದ ಅಪ್ಪ, ಐವತ್ತೆಂಟರ ಅಪ್ಪ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಇಶಿದಾನ ಗ್ಲಾಸಿಗೆ ಸುರಿಯುತ್ತಿದ್ದರು.

ಕಾರಿನಲ್ಲಿ ವಿಶ್ರುತ್ ಕೂಗಾಡಿದ.

"ಮೇಲಿನವರಿಗೆ ಕೆಳಗಿನವರು ಸುರೀಬೇಕು, ಅಷ್ಟೇ ಕಣೋ," ಎಂದರು ಚಂದ್ರಮೌಳಿ. "ಎಕ್ಸಿಟ್ ಬಂತು ನೋಡು."

ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

*

ಇಶಿದಾ ಹದಿಮೂರು ಜನರೊಂದಿಗೆ ಬಂದ. ಹಿಂದೆ, ಗೋಡೆಯುದ್ದಕ್ಕೂ ನಿಂತರು. ಮಂತ್ರ ಮುಗಿದದ್ದೇ ವಿಶ್ರುತ್ ಅತ್ತ ನುಗ್ಗಿದ. ಶ್ಯಾಮ್ ರಟ್ಟೆ ಹಿಡಿದರು.

"ಬೈಯೋದಿದ್ರೆ ಕ್ರಿಮಟೋರಿಯಮ್ಮಲ್ಲಿ ಬೈ ಮಾರಾಯ. ಈಗ ಕಾರು ಹತ್ತು."

ಶ್ಯಾಮ್ ಓಡಿಸುತ್ತಿದ್ದ ಇವರ ಕಾರು ಮುಂದೆ, ಶವದ ಗಾಡಿ ಹಿಂದೆ. ಇನ್ನೂರು ಅಡಿ ಹೋಗುವುದರೊಳಗೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲು.

"ಅಯ್ಯೋ, ಅವರಿಗೇನಾಯ್ತು?" ಹಿಂತಿರುಗಿ ನೋಡಿದ ಇಂದುಮತಿ ಗಾಬರಿಯಾದರು. ಪಾರ್ಕಿಂಗ್ ಲಾಟಿನಲ್ಲಿ ಹದಿನಾಲ್ಕೂ ಜನ ಸೊಂಟ ಬಗ್ಗಿಸಿ ನಿಂತಿದ್ದರು. ಎಲ್ಲರಿಗಿಂತ ಹೆಚ್ಚು ಬಗ್ಗಿದ್ದವನು ಇಶಿದಾ.

"ಸೀನಿಯರ್ ಗಾಡಿ ಕಣ್ಮರೆ ಆಗೋವರೆಗೂ ತಲೆ ಎತ್ತೋ ಹಾಗಿಲ್ಲ, ಅವರಲ್ಲಿ," ಎಂದರು ಶ್ಯಾಮ್.

"ಯಾರು ಸೀನಿಯರ್?"

"ನಿಮ್ಮಪ್ಪ. ಪೋಸ್ಟ್ ಯಾವುದಾದ್ರೂ ಆಗ್ಲಿ, ಇಶಿದಾ ಸೇರಿದ್ದು ಏಳು ವರ್ಷ ಆಮೇಲೆ. ಅವತ್ತು ಬಾಟ್ಲಿ ಇಸ್ಕೊಳ್ಳೋಕೆ ನೋಡಿದ, ನಿಮ್ಮಪ್ಪ ಬಿಡಲಿಲ್ಲ. ಇವತ್ತು ಬೇಡ ಅನ್ನೋಕೆ ಅವರಿಲ್ಲ."

ವಿಶ್ರುತ್ ಕುತ್ತಿಗೆ ಪೂರ್ತಿ ತಿರುಗಿಸಿ ನೋಡಿದ. ರೈಲಿನ ಡಬ್ಬಿಗಳು ಮುಗಿಯಲೇ ಇಲ್ಲ.

"ಪಾಪ, ಸೊಂಟ ಹಿಡ್ಕೊಳ್ಳುತ್ತೆ," ಎಂದರು ಇಂದುಮತಿ. ಮೂರು ದಿನದಲ್ಲಿ ಮೊದಲ ಸಲ ಅವರ ದನಿ ಸಡಿಲವಾಗಿತ್ತು.

"ಹಿಡ್ಕೊಳ್ಳಲಿ," ಎಂದ ವಿಶ್ರುತ್. ನಗುತ್ತಿದ್ದ, ಕೆನ್ನೆ ಒದ್ದೆಯಾಗಿತ್ತು.

ಗೇಟು ಮೇಲೆದ್ದಿತು.

"ನಿಧಾನಕ್ಕೆ ಹೋಗಿ ಅಂಕಲ್."

ಶ್ಯಾಮ್ ಗಂಟೆಗೆ ಐದು ಮೈಲಿಯಲ್ಲಿ ಹಳಿ ದಾಟಿದರು. ಹಿಂದೆ, ಬಗ್ಗಿದ ಆ ಕಪ್ಪು ಕೋಟಿನ ಬೆನ್ನುಗಳ ಮೇಲೆ ಹಿಮ ಕೂರತೊಡಗಿತ್ತು.