ಹೆಸರು ತೋರಿಸುವ ಡಬ್ಬಿ

ಅಮೆರಿಕದ ಆಲ್ಟೂನಾ ಊರಿನಲ್ಲಿ ರೈಲು ಎಂಜಿನ್ ಓಡಿಸುವವರ ಮನೆಯ ಫೋನು ಯಾವ ಹೊತ್ತಿನಲ್ಲಾದರೂ ಹೊಡೆದುಕೊಳ್ಳುತ್ತದೆ. ಡ್ಯೂಟಿ ಆಫೀಸು ಕರೆದರೆ ಎರಡು ಗಂಟೆಯೊಳಗೆ ಯಾರ್ಡಿನಲ್ಲಿರಬೇಕು. ಅದಕ್ಕೇ ೧೯೯೮ರಲ್ಲಿ ಟೆಲಿಫೋನ್ ಕಂಪನಿಯ ಹೊಸ ಸೌಲಭ್ಯಗಳ ಕಾಗದ ಬಂದಾಗ ಇರ್ಮಾ ಅದನ್ನು ಕಾಫಿ ಆರುವವರೆಗೂ ಓದಿದಳು. ಐದು ಸೌಲಭ್ಯ ಸೇರಿಸಿ ತೆಗೆದುಕೊಂಡರೆ ತಿಂಗಳಿಗೆ ಇಪ್ಪತ್ತು ಡಾಲರ್. ಬಿಡಿಬಿಡಿಯಾಗಿ ಕೊಂಡರೆ ಒಂದೊಂದಕ್ಕೆ ಒಂದೊಂದು ಬೆಲೆ.

"ಕಾಲ್ ವೇಟಿಂಗ್ ಒಂದೇ ಸಾಕು," ಎಂದ ಗಂಡ ವರ್ನನ್. "ಕರೆಯೋರ ಹೆಸರು ತೋರಿಸೋ ಡಬ್ಬಿ ಗಿಬ್ಬಿ ಬೇಡ."

ಇರ್ಮಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ರಜೆಯ ದಿನ ಆಫೀಸಿನ ಕರೆ ತಪ್ಪಿಸಿಕೊಳ್ಳಲು ಬೀದಿಯ ಡ್ರೈವರುಗಳೆಲ್ಲ ಮೊದಲು ಕೊಂಡಿದ್ದೇ ಆ ಡಬ್ಬಿಯನ್ನು. ಇವನಿಗೊಬ್ಬನಿಗೆ ಬೇಡವೆಂದರೆ?

ಇತ್ತೀಚೆಗೆ ಅವನ ನಡತೆಯೇ ಸರಿಯಿರಲಿಲ್ಲ. ಮೊದಲ ರಿಂಗಿಗೇ ಫೋನಿಗೆ ಹಾರುತ್ತಿದ್ದವನು ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವಳು ಮಾತಿಗೆ ಕೂತರೆ ಟಿವಿಯ ಸದ್ದು ಏರುತ್ತಿತ್ತು. ಮಧ್ಯಾಹ್ನ ಒಬ್ಬ ಹೆಂಗಸು ಕರೆದು, "ವರ್ನನ್ ಇದ್ದಾರಾ?" ಎಂದು ಕೇಳಿ, ಇಲ್ಲವೆಂದರೆ ಹೆಸರೂ ಹೇಳದೆ ಇಟ್ಟುಬಿಡುತ್ತಿದ್ದಳು.

ಮರುದಿನ ಇರ್ಮಾ ತಾನೇ ಕಂಪನಿಗೆ ಫೋನು ಮಾಡಿದಳು.

"ಐದೂ ತಗೊಳ್ಳಿ ಮೇಡಂ, ವಾಯ್ಸ್ ಮೇಲ್ ಕೂಡ ಸಿಗುತ್ತೆ, ಕರೆದೋರ ಮಾತು ರೆಕಾರ್ಡ್ ಆಗಿರುತ್ತೆ. ಗುಟ್ಟಿನ ನಂಬರ್ ಒತ್ತಿದ್ರೆ ಮಾತ್ರ ಕೇಳ್ಸೋದು," ಎಂದಳು ಅಲ್ಲಿಯ ಹುಡುಗಿ.

ಗುಟ್ಟಿನ ನಂಬರು! ಆ ಹೆಂಗಸು ನೇರವಾಗಿ ಅವನ ಕಿವಿಗೇ ಮಾತು ತುಂಬಲು ನಾನೇ ದುಡ್ಡು ಕೊಟ್ಟು ದಾರಿ ಮಾಡಿಕೊಡಬೇಕೆ?

"ಹೆಸರು ತೋರಿಸೋದೊಂದೇ ಕೊಡಮ್ಮ."

"ಒಂದಕ್ಕೇ ಏಳೂವರೆ ಆಗುತ್ತೆ. ಲೆಕ್ಕ ಹಾಕಿದ್ರೆ ನಿಮಗೇ ನಷ್ಟ."

"ನನ್ನ ನಷ್ಟದ ಬಗ್ಗೆ ನಿನಗ್ಯಾಕೆ ಇಷ್ಟು ಮರುಕ? ಹೇಳಿದ್ದು ಕೊಡು."

ಡಬ್ಬಿ ನೋಡಿ ವರ್ನನ್‌ನ ಮುಖ ಬಿಳಿಚಿತು.

ಗುರುವಾರ ಫೋನು ಬಂತು. ಡಬ್ಬಿಯಲ್ಲಿ ಮೂಡಿದ ಹೆಸರು: ಗ್ರೆಟಾ ಫಿಂಕ್. ಎತ್ತಿದರೆ ಅದೇ ದನಿ, ಅದೇ ಪ್ರಶ್ನೆ. ಕರೆ ನಿಂತ ಕೂಡಲೇ ಇರ್ಮಾ ಡಬ್ಬಿಯಲ್ಲಿದ್ದ ನಂಬರು ಒತ್ತಿದಳು.

"ಫಿಂಕ್ ಕಿವಿ ಪರೀಕ್ಷಾ ಕೇಂದ್ರ, ಹೇಳಿ."

ಅವಳು ಫೋನಿಟ್ಟಳು. ವರ್ನನ್ ಹಿತ್ತಲ ಬಾಗಿಲಿಂದ ಬಂದವನು ಅವಳಿಗೆ ಬೆನ್ನು ಹಾಕಿ ಊಟದ ಡಬ್ಬಿ ತೊಳೆಯುತ್ತಿದ್ದ.

"ವರ್ನ್, ನನಗೆಲ್ಲಾ ಗೊತ್ತಾಯ್ತು."

ಅವನು ತಿರುಗಲಿಲ್ಲ. ಮತ್ತೆ ಹೇಳಿದಳು. ಆಗಲೂ ಇಲ್ಲ. ಭುಜ ಮುಟ್ಟಿದ ಮೇಲೆ ಬೆಚ್ಚಿ ಅವಳ ತುಟಿ ನೋಡಿದ.

"ಬೇರೆ ಹೆಂಗಸು ಅಂದ್ಕೊಂಡಿದ್ದೆ ಕಣೋ!"

"ನನಗೆ ನಿನ್ನೊಬ್ಬಳ ಮಾತೇ ಸರಿಯಾಗಿ ಕೇಳ್ಸಲ್ಲ, ಇನ್ನೊಬ್ಬಳನ್ನ ಎಲ್ಲಿಂದ ತರಲಿ?" ಎಂದು ನಗಲು ಹೋದವನು ನಗಲಿಲ್ಲ. "ಮುಂದಿನ ತಿಂಗಳು ರೈಲ್ವೆಯ ಕಿವಿ ಪರೀಕ್ಷೆ. ಫೇಲಾದ್ರೆ ಎಂಜಿನ್ನಿಂದ ಇಳಿಸಿಬಿಡ್ತಾರೆ."

"ಎಂಜಿನ್ನಲ್ಲಿ ರೇಡಿಯೋ ಕೇಳ್ಸುತ್ತಾ?"

"ಎಡಕಿವೀಲಿ... ಸ್ವಲ್ಪ."

"ಸ್ವಲ್ಪ! ಹಿಂದೆ ನೂರು ವ್ಯಾಗನ್ ಕಟ್ಕೊಂಡು?"

ಆಗಲೇ ಫೋನು ಹೊಡೆದುಕೊಂಡಿತು. ಅವಳ ಕಣ್ಣು ಹೋದ ಕಡೆ ನೋಡಿ ಅವನಿಗೆ ಅದು ತಿಳಿಯಿತು. ಡಬ್ಬಿಯಲ್ಲಿ ಮೂಡಿದ್ದು: ಡ್ಯೂಟಿ ಆಫೀಸು. ಇರ್ಮಾ ಎತ್ತಲಿಲ್ಲ, ದಾರಿ ಬಿಟ್ಟು ನಿಂತಳು. ವರ್ನನ್ ಒದ್ದೆ ಕೈಯಲ್ಲೇ ಎತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದ: "ನಾನು ಬರಲ್ಲ. ನನಗೆ ಕಿವಿ ಕೇಳ್ತಿಲ್ಲ. ಬರ್ಕೊಳ್ಳಿ!"

ಆರು ವಾರ ಅವನನ್ನು ಎಂಜಿನ್ ಹತ್ತಗೊಡಲಿಲ್ಲ. ಇರ್ಮಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಕೊನೆಗೆ ಕಿವಿಗೆ ಯಂತ್ರ ಹಾಕಿಕೊಂಡು ಪರೀಕ್ಷೆಗೆ ಹೋದವನು ಮನೆಗೆ ಬಂದು ಮೆಟ್ಟಿಲ ಕೆಳಗಿನಿಂದಲೇ, "ಪಾಸಾದೆ!" ಎಂದು ಕೂಗಿದ.

ಇರ್ಮಾ ಬಾಗಿಲಲ್ಲೇ ಕೈ ಚಾಚಿದಳು.

"ಎಲ್ಲಿ, ಕಾಗದ ತೋರಿಸು."