ಮರ್ಡೊ ಕೇಳದೆ ಬಿಟ್ಟ ಅರ್ಧ ಮಾತು

ನ್ಯೂಜಿಲೆಂಡಿನ ನಮ್ಮ ಮಾನಿಯೊಟೊಟೊ ಬಯಲಿಗೆ ದೇವರು ಹುಲ್ಲು ಕೊಟ್ಟ, ಹಿಮ ಕೊಟ್ಟ. ಮಣ್ಣಿಗೆ ಸೆಲೆನಿಯಂ ಎಂಬ ಖನಿಜಾಂಶ ಸೇರಿಸುವುದನ್ನು ಮಾತ್ರ ನಮ್ಮ ಕೈಗೇ ಬಿಟ್ಟ. ಆದ್ದರಿಂದ ಕುರಿಮರಿಗಳ ಕಾಲು ಸೆಟೆದು ನಿಲ್ಲಲಾರದಾದಾಗ ನಾವು ಅವುಗಳ ಬಾಯಿಗೆ ಪಿಚಕಾರಿಯಲ್ಲಿ ಆ ಔಷಧಿ ಹಾಕುತ್ತೇವೆ. ಸ್ವಲ್ಪ ದಿನಕ್ಕೆ ಮರಿ ಎದ್ದು ತಾಯಿಯ ಹಿಂದೆ ಓಡುತ್ತದೆ. ಇದನ್ನೇ ನೋಡುತ್ತ ಬೆಳೆದವನಿಗೆ ಸೆಲೆನಿಯಂ ಮೇಲೆ ಭಕ್ತಿ ಹುಟ್ಟಿದರೆ ಆಶ್ಚರ್ಯವಿಲ್ಲ. ನನ್ನ ನೆರೆಯ ಮರ್ಡೊ ಗೆಡ್ಡಿಸ್‌ಗೆ ಆ ಭಕ್ತಿ ಸ್ವಲ್ಪ ಹೆಚ್ಚೇ ಆಯಿತು.

ವಯಸ್ಸಾದವರಿಗೆಲ್ಲ ಸರ್ಕಾರ ಅಂಚೆಯಲ್ಲಿ ಕಳಿಸುವ ಮಲಪರೀಕ್ಷೆಯ ಪೊಟ್ಟಣವನ್ನು ಅವನು ಹೆಂಡತಿ ನೆಟ್ಟಾಳ ಕಾಟ ತಡೆಯಲಾರದೆ ತುಂಬಿ ಕಳಿಸಿದ್ದ. ರಕ್ತದ ಅಂಶ ಇದೆ, ಡನೀಡನ್ ನಗರದ ಆಸ್ಪತ್ರೆಗೆ ಬಂದು ದೊಡ್ಡ ಕರುಳಿಗೆ ಕ್ಯಾಮೆರಾ ಹಾಕಿಸಿ ನೋಡಿಸಿಕೊಳ್ಳಿ ಎಂದು ಉತ್ತರ ಬಂತು. ಅವನ ಅಪ್ಪ ತೀರಿಕೊಂಡದ್ದು ಕರುಳಿನ ಕ್ಯಾನ್ಸರಿನಲ್ಲೇ. ಅಂಥವನು ಕೂಡಲೇ ಹೊರಡಬೇಕಿತ್ತು. ಮರ್ಡೊ ಉಣ್ಣೆ ಕತ್ತರಿಸುವುದು ಮುಗಿಯಲಿ ಎಂದ. ಆಮೇಲೆ ಹುಲ್ಲು ಕೊಯ್ಲು ಮುಗಿಯಲಿ ಎಂದ. ಆಮೇಲೆ ಏನೂ ಹೇಳದೆ ಶಿಳ್ಳೆ ಹಾಕಿಕೊಂಡು ಓಡಾಡತೊಡಗಿದ. ನೆಟ್ಟಾಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆ ಶಿಳ್ಳೆ ಕೇಳಿ.

ಅದೇ ಹೊತ್ತಿಗೆ ಚರ್ಚಿನಲ್ಲಿ ಬೆಳ್ಳುಳ್ಳಿ ವಾಸನೆ ಶುರುವಾಯಿತು. ಮರ್ಡೊ ಬಾಯಿ ತೆರೆದು ಕೀರ್ತನೆ ಹಾಡಿದಾಗಲೆಲ್ಲ ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ಬಾಗುತ್ತಿದ್ದವು. ಪಾದ್ರಿಗಳು ಅದನ್ನು ವಿನಯವೆಂದು ತಿಳಿದು ಸಂತೋಷಪಟ್ಟರು.

ಆರಾಧನೆಯ ನಂತರ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ. "ನೆಟ್ಟಾ, ಮನೇಲಿ ಏನಮ್ಮ ಅಡುಗೆ ಮಾಡ್ತಿದ್ದೀಯ?"

"ಕುರಿಮಾಂಸ, ಆಲೂಗಡ್ಡೆ. ಮದ್ವೆ ಆದಾಗ್ನಿಂದ ಅದೇ. ನಮ್ಮನೇಲಿ ಬೆಳ್ಳುಳ್ಳಿ ಅನ್ನೋದೇ ಇಲ್ಲ. ನಾಯಿ ಕೂಡ ಇವರ ಹತ್ರ ಸುಳೀತಿಲ್ಲ."

ಆ ವಾರ ನೆಟ್ಟಾಳ ತಂಗಿಯ ಮಗಳು ಕಟ್ರೀನಾ ಬಂದಳು. ಸೆಲೆನಿಯಂ ಇರುವ ಪ್ರೋಟೀನುಗಳಿಗೂ ಕರುಳಿನ ಕ್ಯಾನ್ಸರಿಗೂ ಇರುವ ನಂಟನ್ನು ಡನೀಡನ್ನಿನ ಪ್ರಯೋಗಾಲಯದಲ್ಲಿ ಹುಡುಕುವುದೇ ಅವಳ ಕೆಲಸ. ನಾವು ದೊಡ್ಡಿಯಲ್ಲಿ ಕುರಿಗಳಿಗೆ ಔಷಧಿ ಹಾಕುತ್ತಿದ್ದೆವು. ಮರ್ಡೊನನ್ನು ತಬ್ಬಿಕೊಳ್ಳಲು ಬಂದವಳು ಆ ವಾಸನೆಗೆ ಅರ್ಧಕ್ಕೇ ನಿಂತಳು.

"ದೊಡ್ಡಪ್ಪ, ಬಾಯಿ ತೆಗಿ."

"ನಾನೇನು ಟಗರೇನೇ?"

"ಉಗುರು ತೋರ್ಸು." ಉಗುರುಗಳ ಮೇಲೆ ಬಿಳಿ ಗೆರೆಗಳು ಎದ್ದಿದ್ದವು. "ಈ ಕುರಿ ಔಷಧೀನ ನೀನೂ ಕುಡೀತಿದ್ದೀಯಾ?"

ಮರ್ಡೊ ಬೆಟ್ಟದ ಕಡೆ ನೋಡಿದ. "ತೂಕ ನೋಡ್ಕೊಂಡೇ ತಗೊಂಡೆ. ದೊಡ್ಡ ಟಗರಿಗೆ ಎಷ್ಟೋ ಅಷ್ಟೇ. ಅಳತೆ ತಪ್ಪೋನಲ್ಲ ನಾನು."

"ಯಾರು ಹೇಳಿದ್ದು ನಿಂಗೆ?"

"ನೀನೇ ಕಣೇ. ಕ್ರಿಸ್‌ಮಸ್ ದಿನ. ಸೆಲೆನಿಯಂ ಪ್ರೋಟೀನು ಕರುಳಿಗೆ ಕಾವಲು, ಕ್ಯಾನ್ಸರ್ ಹುಟ್ಟದ ಹಾಗೆ ನೋಡ್ಕೊಳುತ್ತೆ ಅಂತ."

"ಅದು ಅರ್ಧ ಮಾತು. ಇನ್ನರ್ಧ ಹೇಳುವಾಗ ಎಲ್ಲಿದ್ದೆ?"

"ಕುರಿ ಬೇಲಿ ಹಾರಿತ್ತು."

"ಬೇಲಿಯಂತೆ," ಎಂದಳು ನೆಟ್ಟಾ. "ಸೋಫಾ ಮೇಲೆ ಗೊರಕೆ ಹೊಡೀತಿದ್ರು."

ಕಟ್ರೀನಾ ಪಿಚಕಾರಿಯನ್ನು ಅವನ ಕೈಯಿಂದ ಕಿತ್ತುಕೊಂಡು ಇನ್ನರ್ಧ ಹೇಳಿದಳು. "ಕರುಳು ಚೆನ್ನಾಗಿದ್ರೆ ಅವು ಕಾವಲು, ಸರಿ. ಆದ್ರೆ ಕ್ಯಾನ್ಸರ್ ಒಂದ್ಸಲ ಒಳಗೆ ಹುಟ್ಟಿಬಿಟ್ರೆ ಅವುಗಳಲ್ಲಿ ಕೆಲವು ಅದನ್ನೂ ಕಾಯ್ತವೆ. ನಿನ್ನ ನಾಯಿ ಪಕ್ಕದೋರ ಕುರೀನೂ ನಮ್ಮದೇ ಅಂತ ಮಂದೆಗೆ ಸೇರಿಸ್ಕೊಂಡು ಬರುತ್ತಲ್ಲ, ಹಾಗೆ. ಒಳಗೆ ಏನಿದೆಯೋ ಗೊತ್ತಿಲ್ದೆ ಕಾವಲು ಹೆಚ್ಚಿಸಿದ್ರೆ ಲಾಭ ಯಾರಿಗೆ? ಅದು ನಂಗೂ ಗೊತ್ತಿಲ್ಲ. ಇಷ್ಟು ಕುಡಿದ್ರೆ ವಿಷ ಅನ್ನೋದು ಗೊತ್ತು. ಈ ಬೆಳ್ಳುಳ್ಳಿ ವಾಸನೆ, ಉಗುರಿನ ಗೆರೆ ಅದರದ್ದೇ ಗುರುತು."

"ನಾಯೀನ ಬಯ್ಯಬೇಡ," ಎಂದ ಮರ್ಡೊ. ಅವನು ಜಗ್ಗಲಿಲ್ಲ.

ಗೇಟು ಹಿಡಿದು ನಿಂತಿದ್ದ ನೆಟ್ಟಾ ಮೆಲ್ಲಗೆ ಕೇಳಿದಳು. "ರೀ, ಕುರಿಗೆ ಔಷಧಿ ಹಾಕೋಕ್ ಮುಂಚೆ ಏನ್ ಮಾಡ್ತೀರ?"

"ರಕ್ತ ಪರೀಕ್ಷೆ ಮಾಡಿಸ್ತೀನಿ."

"ಆಮೇಲೆ?"

"ಬಾಲ ಎತ್ತಿ ನೋಡ್ತೀನಿ."

"ಅದ್ಯಾಕೆ?"

"ಅಲ್ಲಿ ನೋಡ್ದೆ ಔಷಧಿ ಹಾಕೋನು ಕುರಿ ಸಾಕೋಕೇ..." ಎಂದ ಮರ್ಡೊ. ದೊಡ್ಡಿಯಲ್ಲಿದ್ದ ಕುರಿಗಳೆಲ್ಲ ಅವನನ್ನೇ ನೋಡುತ್ತಿದ್ದವು.

"ಕುರಿಗಿರೋ ಮರ್ಯಾದೆ ನಿಮಗೂ ಇರ್ಲಿ," ಎಂದಳು ನೆಟ್ಟಾ. "ನಡೀರಿ, ಡಾಕ್ಟ್ರಿಗೆ ಫೋನ್ ಮಾಡೋಣ."

ಔಷಧಿ ನಿಂತಿತು. ಬೆಳ್ಳುಳ್ಳಿ ವಾಸನೆ ಹೋಗುವವರೆಗೆ ಡಾಕ್ಟರು ಕಾಯಿಸಿದರು. ಆಮೇಲೆ ಗಂಡಹೆಂಡತಿ ಇಬ್ಬರನ್ನೂ ಡನೀಡನ್ನಿಗೆ ಕಾರಿನಲ್ಲಿ ಕರೆದುಕೊಂಡು ಹೋದವನು ನಾನು. ಮರ್ಡೊ ಅರೆನಿದ್ದೆಯಲ್ಲಿ ತನ್ನ ಕರುಳನ್ನು ಪರದೆಯ ಮೇಲೆ ನೋಡುತ್ತ, "ಮೇಲಿನ ತಿರುವಲ್ಲಿ ಮೇವು ಜಾಸ್ತಿ ಬೆಳೆದಿದೆ, ಕುರಿ ಬಿಡ್ಬೇಕು," ಎಂದನಂತೆ. ಅದು ಮೇವಲ್ಲ, ಅಣಬೆಯಂಥ ಗಂಟು. ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದರು.

ವರದಿ ಕೇಳಲು ಮತ್ತೊಮ್ಮೆ ಹೋದೆವು. ಗಂಟಿನ ತಲೆಯಲ್ಲಿ ಕ್ಯಾನ್ಸರ್ ಶುರುವಾಗಿತ್ತು, ತೊಟ್ಟಿಗೆ ಇಳಿದಿರಲಿಲ್ಲ. ಗಂಟು ಪೂರ್ತಿ ಹೊರಬಂದಿದೆ, ಮುಂದಿನ ವರ್ಷ ಬಂದು ಇನ್ನೊಮ್ಮೆ ತೋರಿಸಿ ಎಂದರು ಡಾಕ್ಟರು. ನೆಟ್ಟಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನಾನು ಸ್ವಲ್ಪ ದೂರ ಹೋಗಿ ದೇವರಿಗೆ ಹೇಳಬೇಕಾದದ್ದನ್ನು ಹೇಳಿದೆ.

ಬರುವಾಗ ಪಾಮರ್‌ಸ್ಟನ್ ಎಂಬ ಊರಿನಲ್ಲಿ ನಿಲ್ಲಿಸಿ ಬಿಸಿ ಮಟನ್ ಪೈ ಕೊಂಡೆವು. ಮರ್ಡೊ ತನ್ನದನ್ನು ತಿನ್ನದೆ ತೊಡೆಯ ಮೇಲಿಟ್ಟುಕೊಂಡ.

"ಅಪ್ಪ ಇಡೀ ಚಳಿಗಾಲ ಹೊಟ್ಟೆ ಹಿಡ್ಕೊಂಡೇ ಕುರಿ ಕಾದ್ರು," ಎಂದ. "ನಾವೆಲ್ಲ ಜೊತೇಲೇ ಇದ್ವಿ. ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ."

"ತಿನ್ನಿ, ಆರಿಹೋಗುತ್ತೆ," ಎಂದಳು ನೆಟ್ಟಾ.

ಅವನು ತಿಂದ. ಬೆಟ್ಟದ ದಾರಿ ಹತ್ತುವಷ್ಟರಲ್ಲಿ ಅವಳ ಪೈನಲ್ಲೂ ಅರ್ಧ ತಿಂದಿದ್ದ, ಅವಳು ನೋಡಿಯೂ ನೋಡದವಳಂತೆ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು.