ನಡುಮನೆಯ ಗಡಿಯಾರ ಗೋಪುರ

ಅತ್ತಿಗೆ ಗಂಟಲು ಏರಿಸಿದರೆ ನನಗೆ ಭಯವಿಲ್ಲ, ನನ್ನ ಗಂಟಲೇನೂ ಕಮ್ಮಿಯದಲ್ಲ. ಆ ದಿನ ಊಟದ ಹೊತ್ತಿಗೆ ಅವರು ಮೆಲ್ಲಗೆ ಮಾತಾಡಿದರು. ಅದಕ್ಕೇ ನನಗೆ ಭಯವಾಯಿತು.

"ಈ ಭಾನುವಾರ ಹಳೇ ಪಟ್ಟಣಕ್ಕೆ ಹೋಗೋಣ," ಎಂದರು ಅಣ್ಣನಿಗೆ. "ಬೆಳಿಗ್ಗೆ ಹೋಗಿ ಸಂಜೆ ಬರೋದು. ಗಡಿಯಾರ ಗೋಪುರ ನೋಡ್ಬೇಕು ಅಂತ ಗುಬ್ಬಿ ಯಾವಾಗಿಂದ ಜೀವ ತಿಂತಿದ್ದಾಳೆ. ರೈಲು ಇಳಿದ ಮೇಲೆ ಅವಳ ಕೈ ಹಿಡ್ಕೊಂಡು ನೀವು ಮುಂದೆ ನಡೀಬೇಕು. ನಿಮ್ಮ ಕೈ ಯಾರೂ ಹಿಡಿಯಲ್ಲ. ಆಗಲ್ಲ ಅಂದ್ರೆ ಸೋಮವಾರ ಗುಬ್ಬೀನ ಕರ್ಕೊಂಡು ನಮ್ಮಕ್ಕನ ಮನೆಗೆ ಹೋಗ್ತೀನಿ. ತಿರುಗಿ ಬರಲ್ಲ."

ಅಣ್ಣ ತಟ್ಟೆಯ ಅಂಚು ಸವರುತ್ತ ಕೂತ. ಗುಬ್ಬಿ, ಅಂದರೆ ಅವರ ಒಬ್ಬಳೇ ಮಗಳು, ನನ್ನ ಮುಖ ನೋಡಿದಳು.

ಅಣ್ಣ ಬಸ್ ಓಡಿಸುತ್ತಿದ್ದವನು. ಒಂದು ಸಂಜೆ ಮುದುಕರೊಬ್ಬರು ಇದ್ದಕ್ಕಿದ್ದಂತೆ ಬಸ್ಸಿಗೆ ಅಡ್ಡ ಬಂದರು, ಉಳಿಯಲಿಲ್ಲ. ತಪ್ಪು ಅಣ್ಣನದಲ್ಲ ಎಂದು ಎಲ್ಲರೂ ಹೇಳಿದರು, ಆ ಮುದುಕರ ಮಗ ಕೂಡ ಮನೆಗೇ ಬಂದು ಹೇಳಿ ಹೋದ. ಅಣ್ಣನ ಕಿವಿಗೆ ಅದು ಇಳಿಯಲೇ ಇಲ್ಲ. ಅಂದಿನಿಂದ ಅವನು ಹೊಸ್ತಿಲು ದಾಟಿದ್ದು ಡಾಕ್ಟರ ಹತ್ತಿರ ಹೋಗಲು ಮಾತ್ರ, ಅದೂ ಎರಡು ಕಡೆಯಿಂದ ನಾವು ಹಿಡಿದುಕೊಂಡು. ಅವನ ಮೊಬೈಲು ಮೇಜಿನ ಖಾನೆಯಲ್ಲಿ ಸತ್ತು ಬಿದ್ದಿತ್ತು. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಹೋಗಿ ಬಚ್ಚಲಲ್ಲಿ ನಿಲ್ಲುತ್ತಿದ್ದ. ಅತ್ತಿಗೆ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು, ಮನೆಯಲ್ಲೂ ಒಬ್ಬರೇ ನಿಲ್ಲಬೇಕಾಗಿತ್ತು. ಅವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಅವರ ಜಾಗದಲ್ಲಿ ನಾನಿದ್ದಿದ್ದರೆ ಎಂದೋ ಗಂಟುಮೂಟೆ ಕಟ್ಟುತ್ತಿದ್ದೆ ಎಂಬುದೂ ಅಷ್ಟೇ ನಿಜ.

"ಅಣ್ಣಾ, ಹೆದರಬೇಡ, ನಾನು ಕಲಿಸ್ತೀನಿ," ಎಂದೆ.

ಕಲಿಸುವುದು ನನ್ನ ಕಸುಬು. ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತೇನೆ. ಅವರ ಎದುರು ನಿಂತು ಅವರಿಗೆ ಕನ್ನಡಿಯಾಗಬೇಕು: "ಬಲಗೈ" ಎಂದು ಕೂಗುತ್ತ ನನ್ನ ಎಡಗೈ ಎತ್ತಬೇಕು. ವರ್ಷಗಟ್ಟಲೆ ಹೀಗೆ ಕುಣಿದು ನನ್ನ ಬಾಯಿಗೂ ಕೈಗೂ ಮಾತಿಲ್ಲ ಕತೆಯಿಲ್ಲ. ನನ್ನನ್ನು ನಂಬಿ ಊರೆಲ್ಲ ಸುತ್ತಿದ ಆಟೋದವರು ಬೈದದ್ದುಂಟು. ಮನೆಯಲ್ಲಿ ಇದೊಂದು ತಮಾಷೆ.

ಮಾರನೇ ದಿನವೇ ಹಳೇ ಪಟ್ಟಣಕ್ಕೆ ಒಬ್ಬಳೇ ಹೋಗಿ ದಾರಿ ನಡೆದು ಬಂದೆ. ರೈಲು ನಿಲ್ದಾಣದಿಂದ ನೇರ ಹೋದರೆ ಕೋಟೆ ಬಾಗಿಲು. ಒಳಗೆ ಕಾರಂಜಿ. ಕಾರಂಜಿಯ ಹತ್ತಿರ ಒಂದೇ ಒಂದು ತಿರುವು, ಆಮೇಲೆ ಬಟ್ಟೆ ಬೀದಿ, ಅದರ ತುದಿಯಲ್ಲಿ ಗೋಪುರ, ಗೋಪುರದ ಕೆಳಗೆ ಕಲ್ಲುಬೆಂಚು. ಹೆಜ್ಜೆ ಲೆಕ್ಕ ಹೇಳಿಕೊಳ್ಳುವ ಹಾಗೆ ಬಾಯಲ್ಲೇ ಗುನುಗಿಕೊಂಡು ಬಂದೆ: ಬಾಗಿಲು, ಕಾರಂಜಿ, ಬಲ, ಬಟ್ಟೆ ಬೀದಿ, ಗೋಪುರ.

ಮನೆಯೇ ಪಟ್ಟಣವಾಯಿತು. ಅಡುಗೆಮನೆ ಬಾಗಿಲು ಕೋಟೆ ಬಾಗಿಲು. ನೀರಿನ ಬಕೆಟ್ಟು ಕಾರಂಜಿ. ಅಲ್ಲಿ ಬಲಕ್ಕೆ ತಿರುಗಿದರೆ ಬಟ್ಟೆ ಒಣಹಾಕಿದ ಓಣಿ, ಅದೇ ಬಟ್ಟೆ ಬೀದಿ. ಗೋಪುರಕ್ಕೆ ಏನಾದರೂ ಎತ್ತರದ್ದು ಬೇಕಿತ್ತು. ಅತ್ತಿಗೆಯ ಕೋಣೆಯ ಬಾಗಿಲ ಹಿಂದೆ ದೊಡ್ಡ ಸೂಟ್‌ಕೇಸ್ ನಿಂತಿತ್ತು. ಗುಬ್ಬಿ ಕಾಗದದ ಮೇಲೆ ಗಡಿಯಾರ ಬರೆದು ಅದಕ್ಕೆ ಅಂಟಿಸಿದಳು.

"ಅದನ್ನ ನಡುಮನೆಗೆ ತಂದಿಡು ಅಣ್ಣಾ."

ಅಣ್ಣ ಹಿಡಿ ಹಿಡಿದು ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಸೂಟ್‌ಕೇಸ್ ಖಾಲಿ ಇರಲಿಲ್ಲ.

ಆಮೇಲೆ ತಂದು ನಡುಮನೆಯಲ್ಲಿಟ್ಟು, "ಸರಿ, ಶುರು ಮಾಡು," ಎಂದ.

ನಾನು ಅವನಿಗೆ ಎದುರಾಗಿ ಹಿಂದಕ್ಕೆ ಹಿಂದಕ್ಕೆ ನಡೆದೆ, ಅವನು ಗುಬ್ಬಿಯ ಕೈ ಹಿಡಿದು ಮುಂದಕ್ಕೆ ಬಂದ. ಮೊದಲ ಸಲ ಬಕೆಟ್ಟಿನ ಹತ್ತಿರವೇ ಬೆವರಿ ಕೂತ. ಗುಬ್ಬಿ ಬೀದಿ ವ್ಯಾಪಾರಿಗಳ ಹಾಗೆ ಕೂಗಿ, ನೂಕಿ ಅಭ್ಯಾಸ ಮಾಡಿಸಿದಳು. ಹಾರ್ನ್ ಕೂಡ ಮಾಡಿದಳು. ಶನಿವಾರದ ಹೊತ್ತಿಗೆ ಅವನು ಕಣ್ಣು ಮುಚ್ಚಿಕೊಂಡೇ ಗೋಪುರ ಮುಟ್ಟುತ್ತಿದ್ದ. ಅಂಗಡಿಯಿಂದ ಬಂದ ಅತ್ತಿಗೆ ಬಾಗಿಲಲ್ಲೇ ನಿಂತು, ತಮ್ಮ ಸೂಟ್‌ಕೇಸಿನ ಮೇಲಿನ ಗಡಿಯಾರ ನೋಡಿದರು. ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋದರು.

ಭಾನುವಾರ ರೈಲಿನಲ್ಲಿ ಅಣ್ಣ ನೆಲ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಇಳಿದ ಮೇಲೆ ಗುಬ್ಬಿಯ ಕೈ ಹಿಡಿದು ನಡೆದೇ ಬಿಟ್ಟ. ನಾನು ಅತ್ತಿಗೆಯನ್ನು ಬೇಕೆಂದೇ ಹಿಂದಕ್ಕೆ ಉಳಿಸಿಕೊಂಡೆ. "ನಿಮ್ಮ ಮುಖ ನೋಡಿದ್ರೆ ಇನ್ನೂ ಗಾಬರಿ ಆಗ್ತಾನೆ," ಎಂದೆ. ಕೋಟೆ ಬಾಗಿಲಲ್ಲಿ ಪ್ರವಾಸಿಗರ ದೊಡ್ಡ ಗುಂಪೊಂದು ನಮಗೂ ಅವನಿಗೂ ನಡುವೆ ನುಗ್ಗಿತು. ಗುಂಪು ಸರಿಯುವಷ್ಟರಲ್ಲಿ ಕಾರಂಜಿಯ ಹತ್ತಿರ ಅಣ್ಣನೂ ಇಲ್ಲ, ಗುಬ್ಬಿಯೂ ಇಲ್ಲ.

"ಮುಂದೆ ಹೋಗಿರ್ತಾರೆ," ಎಂದೆ.

ಅತ್ತಿಗೆ ಆಗಲೇ ಓಡುತ್ತಿದ್ದರು. ಗೋಪುರದ ಕಡೆ ಬಾಣ ತೋರಿಸುವ ಹಲಗೆ ಅಲ್ಲೇ ಇತ್ತು. ಬಟ್ಟೆ ಬೀದಿ ಮುಗಿಯಿತು, ಗೋಪುರ ಬಂತು. ಬೆಂಚು ಖಾಲಿ.

ಅತ್ತಿಗೆ ನನ್ನ ರಟ್ಟೆ ಹಿಡಿದು ಅಲುಗಾಡಿಸಿದರು. "ಏನು ಹೇಳ್ಕೊಟ್ಟೆ ನೀನು? ಸರಿಯಾಗಿ ಹೇಳು!"

"ಬಾಗಿಲು, ಕಾರಂಜಿ, ಆಮೇಲೆ ಬಲಕ್ಕೆ..."

"ಬಲಕ್ಕೆ ಅಂತಾ ಯಾವ ಕೈ ತೋರಿಸ್ತಿದೀಯೇ?"

ನೋಡಿದೆ. ನನ್ನ ಎಡಗೈ ಗಾಳಿಯಲ್ಲಿತ್ತು. ನಾವು ಬಂದದ್ದೂ ಎಡಕ್ಕೇ ತಿರುಗಿ. ಎಡಕ್ಕೆ ನಡೆದು ಬಾಯಲ್ಲಿ ಬಲ ಎಂದು ಗುನುಗಿಕೊಂಡು ಬಂದವಳು, ಅದನ್ನೇ ಅಣ್ಣನ ಕಾಲಿಗೆ ಕಲಿಸಿಬಿಟ್ಟಿದ್ದೆ. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀವಿಲ್ಲೇ ಇರಿ ಅತ್ತಿಗೆ, ನಾನು..."

"ನಿನ್ನ ನಂಬಿ ಇಲ್ಲಿ ಕೂರ್ತೀನಾ? ನಡಿ!"

ಕಾರಂಜಿಗೆ ಮರಳಿ, ಬಲಗಡೆಯ ಬೀದಿ ಹಿಡಿದೆವು. ಅಂಗಡಿಗಳು ಕಮ್ಮಿಯಾದವು, ಹೊಗೆ ಜಾಸ್ತಿಯಾಯಿತು. ಬೀದಿ ಮುಗಿದದ್ದು ಬಸ್ ನಿಲ್ದಾಣದಲ್ಲಿ. ಸಾಲುಸಾಲು ಬಸ್ಸುಗಳು, ಒಂದು ಹಿಂದಕ್ಕೆ ಬರುತ್ತಿತ್ತು, ಒಂದು ಹಾರ್ನ್ ಬಾರಿಸುತ್ತಿತ್ತು. ಜಗತ್ತಿನಲ್ಲಿ ಅವನು ಕಾಲಿಡಬಾರದಾಗಿದ್ದ ಜಾಗಕ್ಕೇ ನಾನವನನ್ನು ಕಳಿಸಿದ್ದೆ, ಕೈಯಲ್ಲಿ ಮಗು ಕೊಟ್ಟು.

ವಿಚಾರಣೆ ಕಿಟಕಿಯಲ್ಲಿದ್ದ ಹೆಂಗಸಿಗೆ ನಾನು ಹೇಳಿದೆ: ಎತ್ತರದ ಗಂಡಸು, ಜೊತೆಗೆ ಎರಡು ಜಡೆಯ ಹುಡುಗಿ.

"ಅವರಾ? ಆ ಗೋಡೆಗೆ ಒರಗಿ ತುಂಬಾ ಹೊತ್ತು ನಿಂತಿದ್ರಮ್ಮ. ಅಂಗಿಯೆಲ್ಲ ಒದ್ದೆ. ಡಾಕ್ಟರ್ ಕರೀಲಾ ಅಂದೆ. ಬೇಡ, ಗಡಿಯಾರ ಗೋಪುರಕ್ಕೆ ಹೇಗೆ ಹೋಗೋದು ಅಂದ್ರು. ಬಂದ ದಾರೀಲೇ ವಾಪಸ್ ನಡೀರಿ, ಇಲ್ಲಾಂದ್ರೆ ಕೋಟೆ ಸುತ್ತಿ ಹೋಗೋ ಬಸ್ಸಿದೆ ಅಂದೆ."

"ಎಲ್ಲಿ ಹೋದ್ರು?" ಅತ್ತಿಗೆಯ ದನಿ ಕೀರಲಾಗಿತ್ತು.

"ಬಸ್ ಹತ್ತಿದ್ರು."

ಅತ್ತಿಗೆ ನನ್ನನ್ನು ನೋಡಿದರು, ನಾನು ಅವರನ್ನು. ಆಮೇಲೆ ಇಬ್ಬರೂ ಓಡಿದೆವು, ಸೆರಗು ಚಪ್ಪಲಿಗಳ ಪರಿವೆಯಿಲ್ಲದೆ.

ಗೋಪುರದ ಕೆಳಗಿನ ಬೆಂಚಿನಲ್ಲಿ ಅಣ್ಣ ಕೂತಿದ್ದ. ಎರಡೂ ಕೈ ಮಂಡಿಗಳ ನಡುವೆ ಒತ್ತಿ ಹಿಡಿದಿದ್ದ, ಆದರೂ ಭುಜ ನಡುಗುತ್ತಿತ್ತು. ಮುಖ ಬಿಳುಚಿತ್ತು. ಪಕ್ಕದಲ್ಲಿ ಗುಬ್ಬಿ ಕತ್ತೆತ್ತಿ ಗಡಿಯಾರ ನೋಡುತ್ತಿದ್ದಳು.

"ಅಮ್ಮಾ, ಅಪ್ಪ ಡ್ರೈವರ್ ಹಿಂದಿನ ಸೀಟಲ್ಲೇ ಕೂತಿದ್ದು! ನನ್ನ ಕೈ ನೋಯೋಷ್ಟು ಗಟ್ಟಿ ಹಿಡ್ಕೊಂಡಿದ್ರು. ಆದ್ರೆ ಕಣ್ಣು ಮುಚ್ಚಲಿಲ್ಲ."

ಅತ್ತಿಗೆ ಅವನ ಮುಂದೆ ನಿಂತು ಏದುಸಿರು ಬಿಡುತ್ತಿದ್ದರು. "ಬಂದ ದಾರೀಲೇ ನಡ್ಕೊಂಡು ಬರಬಾರ್ದಿತ್ತಾ? ಬಸ್ ಯಾಕೆ ಹತ್ತಿದ್ರಿ?"

"ವಾಪಸ್ ತಿರುಗಿದ್ರೆ," ಎಂದ ಅಣ್ಣ, ಒಂದೊಂದೇ ಮಾತು ಹುಡುಕಿ, "ನಿಲ್ಲೋಕಾಗ್ತಿರಲಿಲ್ಲ ಕಣೇ. ಸ್ಟೇಷನ್ನಿಗೇ ಹೋಗ್ಬಿಡ್ತಿದ್ದೆ, ಮನೆಗೇ ಹೋಗ್ಬಿಡ್ತಿದ್ದೆ. ಆಗ ನಾಳೆ ನೀವಿಬ್ರೂ ಇರ್ತಿರಲಿಲ್ಲ. ಆ ಸೂಟ್‌ಕೇಸ್ ಎಷ್ಟು ಭಾರ ಇದೆ ಅಂತ ನಂಗೊತ್ತು."

ಅತ್ತಿಗೆ ಪಕ್ಕದಲ್ಲಿ ಕುಸಿದು ಕೂತರು. ಮಂಡಿಗಳ ನಡುವಿಂದ ಅವನ ಒಂದು ಕೈ ಎಳೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು. ಯಾರೂ ಹಿಡಿಯಲ್ಲ ಎಂದಿದ್ದ ಕೈ ಅದು. ನಾನು ದೂರ ಹೋಗಿ ನಿಂತು ಗೋಳೋ ಎಂದು ಅತ್ತೆ. ಪ್ರವಾಸಿಗರು ನನ್ನನ್ನೂ ಒಂದು ಫೋಟೋ ತೆಗೆದುಕೊಂಡಿರಬೇಕು.

ಸಂಜೆ ಮನೆಗೆ ಬಂದಾಗ ಸೂಟ್‌ಕೇಸ್ ನಡುಮನೆಯಲ್ಲೇ ನಿಂತಿತ್ತು, ಗುಬ್ಬಿಯ ಗಡಿಯಾರ ಒಂದು ಕಡೆ ಬಿಟ್ಟುಕೊಂಡು ಜೋತಿತ್ತು. ಅತ್ತಿಗೆ ಅದನ್ನು ಅಡ್ಡ ಮಲಗಿಸಿ ತೆರೆದರು. ಗುಬ್ಬಿಯ ಫ್ರಾಕುಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟರು, ಆಮೇಲೆ ತಮ್ಮ ಸೀರೆಗಳನ್ನು. ನಾವು ಮೂವರೂ ನಿಂತು ನೋಡಿದೆವು.

ಖಾಲಿ ಸೂಟ್‌ಕೇಸ್ ಮುಚ್ಚಿ ಅಣ್ಣನ ಕಡೆ ಸರಿಸಿದರು.

"ರೀ, ಈ ಗೋಪುರಾನ ಮಂಚದ ಕೆಳಗೆ ತಳ್ಳಿ," ಎಂದರು. "ಕಾಲಿಗೆ ಅಡ್ಡ ಬರುತ್ತೆ."